ಬಿಳಿ ಪಂಚೆಯೂ ಹುಲಿ ಟೀ ಶರ್ಟೂ

"ಇವತ್ತಿಂದ ನಾನು ವಯಸ್ಸಿಗೆ ತಕ್ಕಂಗೆ ಬಟ್ಟೆ ಹಾಕ್ತೀನಿ. ನೋಡಿದೋರು ಇನ್ನೊಂದು ಸಲ ತಿರುಗಿ ನೋಡ್ಬೇಕು, ಅಂಗೆ!" ಎಂದು ಜಯಕುಮಾರ್ ಘೋಷಿಸಿದಾಗ ಅವನ ಹೆಂಡತಿ ಚಂದ್ರಕಲ ಹಲಸಿನ ಬೀಜದ ಸಿಪ್ಪೆ ಸುಲಿಯುತ್ತಿದ್ದಳು. ಕೆ.ಆರ್. ಪೇಟೆಯ ಆ ಮನೆಯಲ್ಲಿ ಘೋಷಣೆಗಳಿಗೇನೂ ಬರ ಇರಲಿಲ್ಲ. ಬೆಳಿಗ್ಗೆ ವಾಕಿಂಗ್ ಹೋಗುವ ಘೋಷಣೆ, ಸಕ್ಕರೆ ಬಿಡುವ ಘೋಷಣೆ, ಸಿಟ್ಟು ಬಿಡುವ ಘೋಷಣೆ ಎಲ್ಲವೂ ಅದೇ ಹಜಾರದಲ್ಲಿ ಹುಟ್ಟಿ ಅಲ್ಲೇ ಕಣ್ಣು ಮುಚ್ಚಿದ್ದವು. ಹಾಗಾಗಿ ಅವಳು ತಲೆ ಎತ್ತುವ ಶ್ರಮ ತೆಗೆದುಕೊಳ್ಳಲಿಲ್ಲ.

"ಈಗ್ಲೂ ತಿರುಗಿ ನೋಡ್ತಾರೆ ಬುಡಿ," ಎಂದಳು. "ನಿಮ್ಮ ಹೊಟ್ಟೆ ಮೊದ್ಲು ಬತ್ತದೆ. ಇದ್ರ ಯಜಮಾನ ಎಲ್ಲವ್ನೆ ಅಂತ ಹುಡುಕ್ಬೇಕಲ್ಲ."

ಈ ಘೋಷಣೆಗೆ ಕಾರಣ ಒಂದು ಹುಲಿ. ಬಹಳ ಹಿಂದೆ, ಸೊಂಟ ಸೊಂಟದ ಜಾಗದಲ್ಲೇ ಇದ್ದ ಕಾಲದಲ್ಲಿ, ಜಯಕುಮಾರ್ ಮೈಸೂರಿನಿಂದ ಒಂದು ಕರಿಯ ಟೀ ಶರ್ಟು ತಂದಿದ್ದ. ಅದರ ಎದೆಯ ಮೇಲೆ ಬಾಯಿ ತೆರೆದು ಗರ್ಜಿಸುವ ಹುಲಿಯ ಮುಖ. ತಂದಾಗ ಹುಲಿ ಒಣಕಲಾಗಿ, ಹಸಿದಂತೆ ಇತ್ತು. ವರ್ಷಗಳು ಕಳೆದಂತೆ ಯಜಮಾನನ ಜೊತೆ ಅದೂ ಊದಿಕೊಂಡು, ಗರ್ಜನೆ ಹೋಗಿ ಆಕಳಿಕೆಯಂತೆ ಕಾಣತೊಡಗಿತ್ತು. ಕಳೆದ ತಿಂಗಳು ಪಾಂಡವಪುರದಲ್ಲಿ ನೆಂಟರ ಮದುವೆಗೆ ಅದನ್ನೇ ಹಾಕಿಕೊಂಡು ಹೋಗಿ ಫೋಟೋಕ್ಕೆ ನಿಂತಾಗ, ಫೋಟೋಗ್ರಾಫರ್ ಕ್ಯಾಮೆರಾ ಕೆಳಗಿಳಿಸಿ, "ಹುಲಿ ಅಂಕಲ್, ಸ್ವಲ್ಪ ಹಿಂದಕ್ಕೆ ಹೋಗಿ, ಹೆಣ್ಣು ಕಾಣ್ತಾ ಇಲ್ಲ" ಅಂದುಬಿಟ್ಟ. ಇಡೀ ಮಂಟಪ ನಕ್ಕಿತು. ಪುರೋಹಿತರು ಕೂಡ ಮಂತ್ರವನ್ನು ಅರ್ಧಕ್ಕೇ ನಿಲ್ಲಿಸಿ ನಕ್ಕರು.

ಈಗ ತನ್ನ ಮಗಳ ಸರದಿ. ಹೇಮಾಳನ್ನು ನಾಗಮಂಗಲದ ಮುದ್ದಯ್ಯನವರ ಮಗ ನೋಡಿ ಒಪ್ಪಿದ್ದ. ಹೇಮಾಳೂ ಒಪ್ಪಿದ್ದಳು. ಆಷಾಢ ಕಳೆದ ಮೇಲೆ ಮೊದಲ ಶುಕ್ರವಾರ ನಿಶ್ಚಿತಾರ್ಥದ ವೀಳ್ಯಶಾಸ್ತ್ರ. ಮುದ್ದಯ್ಯನವರದು ಅಕ್ಕಿ ಗಿರಣಿ, ಮಾತು ಕಡಿಮೆ, ಸಂಪ್ರದಾಯ ಜಾಸ್ತಿ. ಅಂಥ ಬೀಗರ ಎದುರು ಆಕಳಿಸುವ ಹುಲಿಯನ್ನು ಹೊತ್ತು ನಿಲ್ಲುವುದೇ? ಎಂದಿಗೂ ಇಲ್ಲ.

ಜಯಕುಮಾರ್ ಪಂಪ್‌ಸೆಟ್ಟು, ಪೈಪು ಮಾರುವ ತನ್ನ ಅಂಗಡಿಯಲ್ಲಿ ಕೂತು ಮೊಬೈಲಿನಲ್ಲಿ ವಿದ್ಯಾಭ್ಯಾಸ ಶುರು ಮಾಡಿದ. 'ಐವತ್ತರ ಮೇಲೆ ಗಂಡಸರು ಮಾಡುವ ಉಡುಪಿನ ತಪ್ಪುಗಳು' ಎಂಬ ವಿಡಿಯೋ ನೋಡಿದ. ಒಂದನ್ನೂ ಬಿಡದೆ ಎಲ್ಲ ತಪ್ಪುಗಳನ್ನೂ ತಾನು ಮಾಡಿ ಮುಗಿಸಿದ್ದು ಕಂಡು ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಯಿತು. ಉದ್ದ ಗೆರೆಯ ಅಂಗಿ ಹಾಕಿದರೆ ದಪ್ಪಗಿರುವವರೂ ತೆಳ್ಳಗೆ ಕಾಣುತ್ತಾರೆ ಎಂದು ಆ ವಿಡಿಯೋದವನು ಆಣೆ ಮಾಡಿದಂತೆ ಹೇಳಿದ್ದ. ಸಂಜೆಗೇ ಉದ್ದ ಗೆರೆಯ ಅಂಗಿ ತಂದು, ತೊಟ್ಟು, ಹೆಂಡತಿಯ ಮುಂದೆ ಒಂದು ಸುತ್ತು ತಿರುಗಿದ.

"ತೆಳ್ಳಗೆ ಕಾಣ್ತೀನಾ?"

ಚಂದ್ರಕಲ ಕೊಂಚ ಹೊತ್ತು ನೋಡಿದಳು. "ಕಲ್ಲಂಗಡಿ ಹಣ್ಣಿಗೂ ಉದ್ದ ಗೆರೇನೇ ಇರೋದು. ಅದೇನು ತೆಳ್ಳಗೆ ಕಾಣ್ತದಾ?"

ಕೊನೆಗೆ ಅವನನ್ನು ಉದ್ಧಾರ ಮಾಡಿದವನು ಬಸ್ ಸ್ಟ್ಯಾಂಡಿನ ಪಕ್ಕದ ಟೈಲರ್ ಜಹೀರುದ್ದೀನ್. ಅವನು ಟೇಪನ್ನು ಜಯಕುಮಾರನ ಹೊಟ್ಟೆಯ ಸುತ್ತ ಹಾಯಿಸಿ, ಟೇಪು ಸಾಕಾಗುತ್ತದೋ ಇಲ್ಲವೋ ಎಂದು ಕ್ಷಣ ಉಸಿರು ಹಿಡಿದು, ಆಮೇಲೆ ತೀರ್ಪು ಕೊಟ್ಟ.

"ಇಷ್ಟು ವಯಸ್ಸು, ಉಮರ್ ಆದ್ಮೇಲೆ ಬಣ್ಣ ಬ್ಯಾಡ ಜಯಣ್ಣ. ಬಿಳಿ ಹಾಕಿ. ಬಿಳಿ ಪಂಚೆ, ಬಿಳಿ ಶರ್ಟು. ಬಣ್ಣದಲ್ಲಿ ಹೊಟ್ಟೆ ಬರೀ ಹೊಟ್ಟೆ. ಬಿಳೀಲಿ ಅದೇ ಹೊಟ್ಟೆಗೆ ಇಜ್ಜತ್ ಬತ್ತದೆ."

ಆಹಾ, ಹೊಟ್ಟೆಗೂ ಇಜ್ಜತ್, ಹೊಟ್ಟೆಗೂ ಮರ್ಯಾದೆ! ಜಯಕುಮಾರನಿಗೆ ಕಣ್ಣು ತೆರೆದಂತಾಯಿತು. ಎರಡು ಜೊತೆ ಹೊಲಿಸಿದ. ಗಂಜಿ ಹಾಕಿಸಿ ಇಸ್ತ್ರಿ ಮಾಡಿಸಿದ. ಆ ಶರ್ಟು ಎಷ್ಟು ಗಡುಸಾಗಿತ್ತೆಂದರೆ ಗೋಡೆಗೆ ಒರಗಿಸಿದರೆ ತಾನೇ ನಿಲ್ಲುತ್ತಿತ್ತು. ತೊಟ್ಟು ಕನ್ನಡಿಯ ಮುಂದೆ ನಿಂತರೆ ಎದುರಿಗೆ ಪೈಪು ಮಾರುವ ಜಯಕುಮಾರ್ ಇರಲಿಲ್ಲ, ನಾಲ್ಕು ಊರಿನ ನ್ಯಾಯ ತೀರಿಸಿ ಬಂದ ದೊಡ್ಡ ಮನುಷ್ಯರೊಬ್ಬರು ನಿಂತಿದ್ದರು.

ಆ ಉತ್ಸಾಹದಲ್ಲೇ ಅವನು ಇನ್ನೊಂದು ಘನಕಾರ್ಯ ಮಾಡಿದ. ಹಳೇ ಬಟ್ಟೆಗೆ ಪಾತ್ರೆ ಕೊಡುವ ಮಾಯಮ್ಮ ಬೀದಿಯಲ್ಲಿ ಕೂಗುತ್ತಿದ್ದಳು. ಅವಳನ್ನು ಕರೆದು ಜಗಲಿಯಲ್ಲಿ ಕೂರಿಸಿ, ಬೀರುವಿನಲ್ಲಿದ್ದ ಬಣ್ಣದ ಅಂಗಿ, ಪ್ಯಾಂಟು, ಕಲ್ಲಂಗಡಿ ಅಂಗಿ ಎಲ್ಲವನ್ನೂ ತಂದು ಸುರಿದ. ಹಿಂದಕ್ಕೆ ಹೋಗುವ ಸೇತುವೆಯನ್ನೇ ಕೆಡವಿದ ದಂಡನಾಯಕನ ಠೀವಿ! ಮಾಯಮ್ಮ ಒಂದು ಇಡ್ಲಿ ಪಾತ್ರೆ ಕೊಟ್ಟಳು. ಆದರೆ ಹುಲಿ ಟೀ ಶರ್ಟನ್ನು ಮಾತ್ರ ಎರಡು ಬೆರಳಲ್ಲಿ ಎತ್ತಿ ಹಿಡಿದು, ವಾಪಸು ಇಟ್ಟಳು.

"ಇದ್ಕೆ ಒಂದು ಚಮಚಾನೂ ಬರಕಿಲ್ಲ ಕನಣ್ಣ. ನೀವೇ ಮಡಿಕ್ಕಳಿ."

ಹೀಗೆ ಹುಲಿ ಅಡುಗೆಮನೆ ಸೇರಿತು. ಚಂದ್ರಕಲ ಅದರಲ್ಲಿ ಒಲೆಯ ಕಟ್ಟೆ ಒರೆಸತೊಡಗಿದಳು.

ವೀಳ್ಯಕ್ಕೆ ಮೊದಲು ಬಿಳಿಯನ್ನು ಒಂದು ಸಲ ಹಾಕಿ ಅಭ್ಯಾಸ ಮಾಡಿಕೊಳ್ಳೋಣವೆಂದು ಜಯಕುಮಾರ್ ತೆಂಗಿನ ತೋಟ ನೋಡುವ ನೆಪದಲ್ಲಿ ತನ್ನ ಹಳ್ಳಿಗೆ ಹೊರಟ. ಇಲ್ಲೇ ಅವನ ಬುದ್ಧಿ ಕೈಕೊಟ್ಟಿದ್ದು. ನಮ್ಮ ಈ ಸೀಮೆಯಲ್ಲಿ ಗರಿಗರಿ ಬಿಳಿ ಪಂಚೆ, ಬಿಳಿ ಶರ್ಟು ತೊಟ್ಟವನು ಒಂದೋ ಮದುವೆ ಮನೆಗೆ ಹೊರಟಿರಬೇಕು, ಇಲ್ಲವೇ ಓಟಿಗೆ ಹೊರಟಿರಬೇಕು. ಅದು ಆಷಾಢ. ಆಷಾಢದಲ್ಲಿ ಯಾರ ಮನೆಯಲ್ಲೂ ಮದುವೆ ಇರುವುದಿಲ್ಲ. ಸಾಲದ್ದಕ್ಕೆ ಹಳ್ಳಿಯ ಸಹಕಾರ ಸೊಸೈಟಿ ಎಲೆಕ್ಷನ್ನು ಹತ್ತಿರ ಬಂದಿತ್ತು.

ಆ ಸೊಸೈಟಿಯ ಅಧ್ಯಕ್ಷ ಬೇರಾರೂ ಅಲ್ಲ, ಚಂದ್ರಕಲಳ ಅಣ್ಣ ಚಲುವರಾಜು. ಅವನ ಊರಾದ ಹುಣಸೇಕೊಪ್ಪಲಿಗೂ ಜಯಕುಮಾರನ ಹಳ್ಳಿಗೂ ಅದೊಂದೇ ಸೊಸೈಟಿ. ಚಲುವರಾಜು ಪ್ರತಿಸಲವೂ ಅವಿರೋಧವಾಗಿ ಆಯ್ಕೆಯಾಗುತ್ತಿದ್ದ. ಅವನ ಎದುರು ನಿಲ್ಲಿಸಲು ಒಬ್ಬ ಮನುಷ್ಯ ಸಿಕ್ಕರೆ ಸಾಕು ಎಂದು ಎದುರು ಪಾರ್ಟಿಯ ಪುಟ್ಟರಾಜು ವರ್ಷಗಳಿಂದ ಕಾಯುತ್ತಿದ್ದ. ಕಾದು ಕಾದು ಅವನು ದಿನಾ ಕೂರುತ್ತಿದ್ದ ಟೀ ಅಂಗಡಿಯ ಬೆಂಚು ಕೂಡ ಸವೆದಿತ್ತು.

ಜಯಕುಮಾರ್ ಆ ಟೀ ಅಂಗಡಿಯ ಮುಂದೆ ಇಳಿದಾಗ ಕೂತಿದ್ದವರೆಲ್ಲ ಎದ್ದು ನಿಂತರು. ಹಿಂದೆಂದೂ ಅವನಿಗಾಗಿ ಯಾರೂ ಕಾಲು ಮಡಚಿದ್ದೂ ಇಲ್ಲ. ಫ್ಯಾನಿನ ಮುಖ ಅವನ ಕಡೆ ತಿರುಗಿತು. ಯಾವಾಗಲೂ ಬರಿ ಗ್ಲಾಸಿನಲ್ಲಿ ಬರುತ್ತಿದ್ದ ಟೀ ಈ ದಿನ ಸಾಸರಿನ ಮೇಲೆ ಕೂತು ಬಂತು. ಬಟ್ಟೆಯ ಮಹಿಮೆ ಎಂದು ಜಯಕುಮಾರ್ ಮನಸ್ಸಿನಲ್ಲೇ ಜಹೀರುದ್ದೀನನಿಗೆ ಕೈ ಮುಗಿದ.

"ಏನ್ ಜಯಣ್ಣ, ಬಿಳಿ ಬಿಳಿ?" ಪುಟ್ಟರಾಜು ಪಕ್ಕಕ್ಕೆ ಸರಿದು ಕೂತ. "ಈ ಸಲಿ ಸೊಸೈಟಿಗೆ ನಿಂತ್ಕತಾ ಇದ್ದೀರಾ ಎಂಗೆ?"

ಬಣ್ಣದ ಅಂಗಿಯ ಜಯಕುಮಾರ್ ಆಗಿದ್ದರೆ, "ಥೂ, ನಿಂಗೇನ್ಲಾ ಬಂದದೆ, ಅಲ್ಲಿರೋದು ನಮ್ ಭಾವ ಕಣ್ಲಾ" ಎಂದು ಬೈದು ಟೀ ಕುಡಿದು ಏಳುತ್ತಿದ್ದ. ಆದರೆ ಗಂಜಿ ಹಾಕಿದ ಕಾಲರು ಕುತ್ತಿಗೆಯನ್ನು ಬಗ್ಗಲು ಬಿಡಲಿಲ್ಲ. ತುಟಿಯ ಮೇಲೆ ತಾನಾಗಿ ಒಂದು ನಗೆ ಬಂತು. ಬಲಗೈ ಯಾರನ್ನೂ ಕೇಳದೆ ಮೇಲೆದ್ದಿತು.

"ನೋಡಣ," ಎಂದ ಜಯಕುಮಾರ್.

ಈ ಸೀಮೆಯ ರಾಜಕೀಯದಲ್ಲಿ 'ನೋಡಣ' ಎಂದವನು ಆಗಲೇ ಅರ್ಧ ಪ್ರಚಾರ ಮುಗಿಸಿರುತ್ತಾನೆ. ಪುಟ್ಟರಾಜು ಎತ್ತಿದ ಆ ಕೈ ಇಳಿಯುವ ಮೊದಲೇ ಫೋಟೋ ಹೊಡೆದ.

ಮಧ್ಯಾಹ್ನ ಊಟದ ಹೊತ್ತಿಗೆ ಜಯಕುಮಾರ್ ಮನೆ ತಲುಪಿದ. ಫೋಟೋ ಅವನಿಗಿಂತ ಮೊದಲೇ ತಲುಪಿತ್ತು. 'ಬದಲಾವಣೆಯ ಬೆಳ್ಳಿ ಬೆಳಕು ಜಯಣ್ಣ' ಎಂದು ಮೇಲೆ ಬರೆದು, ಸುತ್ತ ಗುಲಾಬಿ ಹೂವು ಅಂಟಿಸಿ, ಎರಡೂ ಊರಿನ ಮೊಬೈಲುಗಳಿಗೆ ಕಳಿಸಲಾಗಿತ್ತು. ಚಂದ್ರಕಲ ಬಾಗಿಲಲ್ಲೇ ನಿಂತಿದ್ದಳು.

"ನಮ್ಮಣ್ಣನ ಎದ್ರು ನಿಂತ್ಕಂಡ್ರಂತೆ?"

"ಯಾರಂದಿದ್ದು? ನಾನು ಬರೀ ನೋಡಣ ಅಂದೆ ಕಣೇ."

"ಏನ್ ನೋಡ್ತೀರಿ? ನೋಡಕ್ಕೆ ಇನ್ನೇನ್ ಉಳಿದದೆ?" ಎಂದು ಅವಳು ಫೋನನ್ನು ಅವನ ಕೈಗೆ ತುರುಕಿದಳು. ಆ ಕಡೆ ಚಲುವರಾಜು ಲೈನಿನಲ್ಲೇ ಇದ್ದ. ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು.

"ಸೊಸೈಟಿ ಬೇಕು ಅಂತ ಒಂದು ಮಾತು ನಂಗೇ ಕೇಳ್ಬೋದಾಗಿತ್ತು ಭಾವ. ಪುಟ್ಟರಾಜನ ಜತೆ ಓಗ್ಬುಟ್ಟೆ. ಇರ್ಲಿ ಬುಡು. ವೀಳ್ಯದ ದಿನ ಸೋದರಮಾವನ ಜಾಗಕ್ಕೆ ಬೇರೆ ಯಾರ್ನಾದ್ರೂ ನಿಲ್ಲಿಸ್ಕ. ನಾನು ಬರಕಿಲ್ಲ."

ಫೋನು ಕಟ್ಟಾಯಿತು. ಹೆಣ್ಣಿನ ಕಡೆಯಿಂದ ವೀಳ್ಯದ ತಟ್ಟೆ ಎತ್ತಿ ಕೊಡಬೇಕಾದವನು ಸೋದರಮಾವ. ಅವನಿಲ್ಲದೆ ಶಾಸ್ತ್ರವಿಲ್ಲ. ಮುದ್ದಯ್ಯನವರು ಮಾತುಕತೆಗೆ ಬಂದಾಗ ಕಾಫಿ ಮುಟ್ಟುವ ಮೊದಲೇ, "ಸೋದರಮಾವ ಇದ್ದಾರಲ್ಲ?" ಎಂದು ಕೇಳಿದ್ದರು. ಹೇಮ ಬಾಗಿಲ ಸಂದಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಊಟಕ್ಕೆ ಕರೆದರೆ ಹಸಿವಿಲ್ಲ ಎಂದು ಕೋಣೆಗೆ ಹೋದಳು. ಮಗಳ ಮುಖ ಕಂಡು ಜಯಕುಮಾರನಿಗೆ ನಿಜವಾಗಿ ಭಯವಾಯಿತು.

ಮರುದಿನ ಬೆಳಿಗ್ಗೆಯೇ ಅವನು ಭಾವನಿಗೆ ವಿಷಯ ತಿಳಿಸಿ ಹೇಳಲು ಹುಣಸೇಕೊಪ್ಪಲಿಗೆ ಹೊರಟ. ಹಾಕಿಕೊಂಡು ಹೋಗಲು ಏನಿತ್ತು? ಉಳಿದದ್ದೆಲ್ಲ ಇಡ್ಲಿ ಪಾತ್ರೆಯಾಗಿತ್ತು. ಎರಡನೇ ಜೊತೆ ಬಿಳಿ ತೊಟ್ಟುಕೊಂಡ.

ಊರು ಮುಟ್ಟುವಷ್ಟರಲ್ಲಿ ಅವನ ಹಿಂದೆ ಪುಟ್ಟರಾಜನ ಕಡೆಯ ಬೈಕುಗಳು ಸಾಲು ಹಿಡಿದಿದ್ದವು. ಚಲುವರಾಜು ಜಗಲಿಯಿಂದ ನೋಡುತ್ತಾನೆ: ಬಿಳಿ ಬಟ್ಟೆಯ ಭಾವ ನಡುಬೀದಿಯಲ್ಲಿ, ಹಿಂದೆ ದಂಡು, ಯಾರದೋ ಕೈಯಲ್ಲಿ ಸೇವಂತಿಗೆ ಹಾರ. ಜಯಕುಮಾರ್ ಗಾಬರಿಯಾಗಿ ಜನರ ಕಡೆ ತಿರುಗಿದ.

"ನೋಡ್ರಪ್ಪ, ನಾನು ಯಾವ್ ಎಲೆಕ್ಷನ್‌ಗೂ ನಿಂತಿಲ್ಲ!"

"ಈಗ ಅಂಗೇ ಅನ್ಬೇಕು," ಎಂದು ಒಬ್ಬ ಮುದುಕ ಮೆಚ್ಚಿ ತಲೆದೂಗಿದ. "ಪಳಗಿದ ಮನುಷ್ಯ."

"ನಂಗೆ ಅಧಿಕಾರದ ಆಸೆ ಇಲ್ಲ ಕಣ್ರಯ್ಯ!"

ಚಪ್ಪಾಳೆ ಬಿತ್ತು. ಅಧಿಕಾರದ ಆಸೆ ಇಲ್ಲ ಎನ್ನದೆ ನಮ್ಮಲ್ಲಿ ಯಾವನು ತಾನೆ ಅಧಿಕಾರಕ್ಕೆ ಬಂದಿದ್ದಾನೆ? ಜಯಕುಮಾರ್ ದಿಕ್ಕು ತೋಚದೆ, ದಮ್ಮಯ್ಯ ಹೋಗಿ ಎಂದು ಎರಡೂ ಕೈ ಎತ್ತಿ ಮುಗಿದ. ಅಷ್ಟೂ ಜನ ತಿರುಗಿ ಕೈ ಮುಗಿದರು. ಹಾರ ಬಂದು ಕೊರಳಿಗೆ ಬಿತ್ತು. ಅವನು ಹಾರದೊಳಗಿಂದ ತಲೆ ಎತ್ತಿ ನೋಡುವಾಗ ಚಲುವರಾಜು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ.

ಹಾರದ ಸಮೇತ ಮನೆಗೆ ಬಂದ ಗಂಡನನ್ನು ನೋಡಿ ಚಂದ್ರಕಲ ಬೆನ್ನು ತಿರುಗಿಸಿ ಒಳಗೆ ನಡೆದಳು. ಅವನು ಹಿಂದೆಯೇ ಹೋದ.

"ನಾನು ಏನ್ ಮಾತಾಡಿದ್ರೂ ಭಾಷಣ ಆಯ್ತದೆ ಕಣೇ."

"ಮಾತಾಡ್ತಿರೋದು ನೀವಲ್ಲ, ಆ ಬಟ್ಟೆ. ಮೊದ್ಲು ಅದನ್ನ ಬಿಚ್ಚಿ."

"ಬಿಚ್ಚಿ ಏನ್ ಹಾಕ್ಕಳ್ಲಿ? ಅಂಗಡಿಗೆ ಹೋಗಿ ಒಂದು ಬಣ್ಣದ ಶರ್ಟು ತರ್ತೀನಿ."

"ಹೊಸಾದು ಹಾಕ್ಕಂಡ್ ಹೋದ್ರೆ ಅದೂ ಪ್ರಚಾರಕ್ಕೇ ಅಂತಾರೆ," ಎಂದು ಅವಳು ಅಡುಗೆಮನೆಗೆ ಹೋಗಿ, ಕಟ್ಟೆಯ ಮೂಲೆಯಲ್ಲಿ ನೇತಾಡುತ್ತಿದ್ದ ಒದ್ದೆ ಮುದ್ದೆಯನ್ನು ತಂದಳು. ಅವನ ಮುಂದೆಯೇ ಹಿಂಡಿದಳು. ಬಿಡಿಸಿ ಹಿಡಿದರೆ ಹುಲಿ! ಮೂತಿಯ ಮೇಲೆ ಸಾರಿನ ಕಲೆ, ಒಂದು ಕಣ್ಣಿಗೆ ಅರಿಶಿನ. "ಇದನ್ನ ಹಾಕ್ಕಂಡು ಲೋಕದಲ್ಲಿ ಯಾವನಾದ್ರೂ ಓಟು ಕೇಳಿದ್ದು ಉಂಟಾ?"

ಜಯಕುಮಾರ್ ಬಾಯಿ ತೆರೆದ. ಕೋಣೆಯ ಬಾಗಿಲಲ್ಲಿ ಹೇಮ ನಿಂತಿದ್ದಳು. ತೆರೆದ ಬಾಯಿ ಮುಚ್ಚಿ, ಹುಲಿಯನ್ನು ತಲೆಯ ಮೇಲಿಂದ ಎಳೆದುಕೊಂಡ. ಕೆಳಗೆ ಚೌಕುಳಿ ಲುಂಗಿ. ಹುಲಿಯಿಂದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬರುತ್ತಿತ್ತು.

ಗಂಡ ಹೆಂಡತಿ ಇಬ್ಬರೂ ಬಸ್ಸಿನಲ್ಲಿ ಹೋದರು. ಚಂದ್ರಕಲ ಮಾತ್ರ ಎರಡು ಸೀಟು ಹಿಂದೆ ಕೂತಳು. ದಾರಿಯಲ್ಲಿ ಬಸ್ಸು ಟೀ ಅಂಗಡಿಯ ಬಳಿ ನಿಂತಾಗ ಪುಟ್ಟರಾಜು ಹೊಸ ಹಾರ ಹಿಡಿದು ಎದ್ದ. ಹುಲಿಯನ್ನು ಕಂಡ. ಹಾರವನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿದ.

"ಉಷಾರಾಗಿದ್ದೀರಾ ಜಯಣ್ಣ?" ಎಂದಷ್ಟೇ ಕೇಳಿದ. ಅಷ್ಟು ಬೇಗ ಒಂದು ರಾಜಕೀಯ ಜೀವನ ಮುಗಿದದ್ದು ಆ ಹೋಬಳಿಯಲ್ಲಿ ಅದೇ ಮೊದಲು.

ಚಲುವರಾಜು ಜಗಲಿಯಲ್ಲಿ ಮುಖ ಗಂಟಿಕ್ಕಿಕೊಂಡು ಕೂತಿದ್ದ. ಅವನೂ ಬಿಳಿಬಿಳಿಯೇ. ಹುಲಿ ಗೇಟು ದಾಟಿ ಒಳಗೆ ಬರುವುದನ್ನು ನೋಡಿದ. ಸಿಟ್ಟನ್ನು ಹಿಡಿದಿಡಲು ಮೀಸೆ ಕಚ್ಚಿದ. ಆಗಲಿಲ್ಲ. ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕ.

"ನಾನು ನಿಂತಿಲ್ಲ ಭಾವ. ಹೇಮನಾಣೆ."

"ಗೊತ್ತಾಯ್ತು ಬುಡು. ಇಂಥಾ ಅಂಗಿ ಹಾಕ್ಕಂಡು ಯಾವ್ ನನ್ ಮಗ ಎಲೆಕ್ಷನ್‌ಗೆ ನಿಂತಾನು? ಬಾ, ಕೂತ್ಕ." ಆಮೇಲೆ ಕಣ್ಣೊರೆಸಿಕೊಂಡು ಅಧ್ಯಕ್ಷನ ದನಿಯಲ್ಲಿ ಹೇಳಿದ, "ವೀಳ್ಯಕ್ಕೆ ಬತ್ತೀನಿ. ಆದ್ರೆ ಅವತ್ತೂ ನೀನು ಇದನ್ನೇ ಹಾಕ್ಕಂಡಿರ್ಬೇಕು."

"ಭಾವ! ಬೀಗರ ಮುಂದೆ?"

"ನಾಮಿನೇಷನ್‌ಗೆ ಅವತ್ತೇ ಕೊನೇ ದಿನ ಕಣಪ್ಪ. ಪುಟ್ಟರಾಜನ್ನ ನೀನು ಕಂಡಿಲ್ಲ, ಅವ್ನು ಕಡೇ ಗಳಿಗೆ ತಂಕ ಕಾಯ್ತಾನೆ. ನೀನು ಬ್ಯಾರೆ ಯಾವ್ ಶರ್ಟು ಹಾಕಿದ್ರೂ, ಮ್ಯಾಲೆ ಒಂದು ಬಿಳಿ ಶಾಲು ಎಸ್ದು, ಜೀಪಿಗೆ ಎತ್ತಾಕ್ಕಂಡು ಓಯ್ತಾನೆ. ಹುಲಿ ಇದ್ರೆ ಮುಟ್ಟಕಿಲ್ಲ. ಸೋದರಮಾವ ಬೇಕೋ, ನಿನ್ ಗತ್ತು ಬೇಕೋ, ನೀನೇ ಯೋಳು."

ಜಯಕುಮಾರ್ ಹೆಂಡತಿಯ ಕಡೆ ನೋಡಿದ. ಅವಳು ತವರುಮನೆಯ ಹೆಂಚನ್ನು ಮೊದಲ ಸಲ ಕಂಡವಳಂತೆ ಮೇಲೆ ನೋಡುತ್ತಿದ್ದಳು. ಊಟ ಬಿಟ್ಟು ಕೋಣೆಗೆ ಹೋದ ಮಗಳ ಮುಖ ಅವನ ಕಣ್ಣ ಮುಂದೆ ಬಂತು.

"ಸೋದರಮಾವ," ಎಂದ.

ಶುಕ್ರವಾರ ಬಂತು. ಮುದ್ದಯ್ಯನವರು ಬಿಳಿ ಪಂಚೆ ಬಿಳಿ ಶರ್ಟಿನಲ್ಲಿ ಬಂದರು. ಚಲುವರಾಜು ಬಿಳಿ. ಪುರೋಹಿತರು ಬಿಳಿ. ಬೀಗರ ಕಾರಿನ ಡ್ರೈವರ್ ಕೂಡ ಬಿಳಿ. ನಡುವೆ ಹೆಣ್ಣಿನ ತಂದೆ, ಹುಲಿ! ಚಂದ್ರಕಲ ಅದನ್ನು ಸೋಪು ಹಾಕಿ ಉಜ್ಜಿ, ಇಸ್ತ್ರಿ ಮಾಡಿ, ಹೊಳೆಯುವಂತೆ ಮಾಡಿದ್ದಳು. ಅದರಿಂದ ಅವನಿಗೆ ಉಪಕಾರವೇನೂ ಆಗಿರಲಿಲ್ಲ. ಹುಲಿಯ ಒಂದೊಂದು ಹಲ್ಲೂ ಈಗ ಸ್ಪಷ್ಟವಾಗಿ ಕಾಣುತ್ತಿತ್ತು. ಮುದ್ದಯ್ಯನವರು ಅದನ್ನು ಬಹಳ ಹೊತ್ತು ನೋಡಿದರು. ಏನೂ ಕೇಳಲಿಲ್ಲ. ಎಲೆಕ್ಷನ್ನಿನ ಕಥೆ ಹೇಳಿದರೆ ಮನೆತನದ ಜಗಳ ಹೊರಬೀಳುತ್ತದೆಂದು ಇವನೂ ಹೇಳಲಿಲ್ಲ. ತಾನಾಗಿ, ಮನಸಾರೆ, ಇಷ್ಟಪಟ್ಟು ಹುಲಿ ತೊಟ್ಟವನಂತೆ ನಿಂತುಕೊಂಡ.

ಚಲುವರಾಜು ಹೇಳಿದ್ದು ಸುಳ್ಳಾಗಲಿಲ್ಲ. ಜೀಪೊಂದು ಬಂದು ಗೇಟಿನ ಬಳಿ ನಿಂತಿತು. ಪುಟ್ಟರಾಜು ಶಾಲು ಹಿಡಿದು ಇಣುಕಿದ, ನಿಟ್ಟುಸಿರು ಬಿಟ್ಟ, ಜೀಪು ಹಿಂದಕ್ಕೆ ಹೋಯಿತು. ಒಳಗೆ ಚಲುವರಾಜು ನೆಮ್ಮದಿಯಿಂದ ವೀಳ್ಯದ ತಟ್ಟೆ ಎತ್ತಿ ಕೊಟ್ಟ. ಶಾಸ್ತ್ರ ಮುಗಿಯಿತು. ಫೋಟೋಕ್ಕೆ ನಿಂತಾಗ ಗ್ರಹಚಾರಕ್ಕೆ ಅದೇ ಪಾಂಡವಪುರದ ಫೋಟೋಗ್ರಾಫರ್. ಜಯಕುಮಾರ್ ಹೇಳಿಸಿಕೊಳ್ಳುವ ಮೊದಲೇ ಹಿಂದಿನ ಸಾಲಿಗೆ ಸರಿದ.

"ಹುಲಿ ಅಂಕಲ್, ಎಲ್ಲಿಗೆ ಹೋಗ್ತೀರಿ? ಇವತ್ತು ನೀವು ಹೆಣ್ಣಿನ ಪಕ್ಕ ಬರ್ಬೇಕು."

ಹೇಮ ಕೈ ಚಾಚಿ ಅಪ್ಪನನ್ನು ಮುಂದಕ್ಕೆ ಎಳೆದುಕೊಂಡಳು. ಅವಳು ನಗುತ್ತಿದ್ದಳು. ಈ ನಗುವಿಗಾಗಿ ಮೊಸಳೆ ಟೀ ಶರ್ಟು ಬೇಕಾದರೂ ಹಾಕಿಕೊಂಡೇನು ಎಂದು ಜಯಕುಮಾರ್ ಅಂದುಕೊಂಡ. ಆದರೆ ಹಾಗೆಲ್ಲ ಅಂದುಕೊಳ್ಳಬಾರದು.

ಚಲುವರಾಜು ಮತ್ತೆ ಅವಿರೋಧವಾಗಿ ಆಯ್ಕೆಯಾದ. ಎಲೆಕ್ಷನ್ನಿನ ಗಾಳಿ ಅಡಗಿತು. ಜಯಕುಮಾರ್ ಬಿಳಿ ಜೊತೆಗಳಿಗೆ ಮತ್ತೆ ಗಂಜಿ ಹಾಕಿಸಿ, ಮದುವೆಯಲ್ಲಾದರೂ ಘನತೆಯಿಂದ ಮೆರೆಯಬೇಕೆಂದು ಬೀರುವಿನಲ್ಲಿ ಜೋಪಾನವಾಗಿ ಇಟ್ಟ. ಅಷ್ಟರಲ್ಲಿ ಮದುವೆಯ ಜವಳಿ ತೆಗೆದ ಬೀಗರು ನಾಗಮಂಗಲದಿಂದ ಬಟ್ಟೆಯ ಚೀಲ ಕಳಿಸಿದರು. ಚಂದ್ರಕಲಳಿಗೆ ರೇಷ್ಮೆ ಸೀರೆ. ಹೇಮಾಳಿಗೆ ಧಾರೆ ಸೀರೆ. ಕೆಳಗೆ ಜಯಕುಮಾರನಿಗೊಂದು ಬೇರೆ ಕವರು. ಜರಿ ಪಂಚೆಯೇ ಇರಬೇಕೆಂದು ಅವನು ಕೈ ಹಾಕುವಾಗ ಮುದ್ದಯ್ಯನವರ ಫೋನು ಬಂತು. ಮಾತು ಕಡಿಮೆಯ ಆ ಮನುಷ್ಯರು ಅಂದು ಸ್ವಲ್ಪ ಜಾಸ್ತಿಯೇ ಮಾತಾಡಿದರು.

"ಬೀಗ್ರೇ, ಮಿಕ್ಕೋರಿಗೆಲ್ಲ ಪಂಚೆ ತಗಂಡೊ. ನಿಮ್ ಅಭಿರುಚಿ ಅವತ್ತೇ ನೋಡಿದ್ನಲ್ಲ, ನಿಮ್ಗೆ ಮಾತ್ರ ಮೈಸೂರೆಲ್ಲಾ ಹುಡುಕ್ಸಿ ತರ್ಸಿದೀವಿ. ಬೀಗರೂಟದ ದಿನ ಇದನ್ನೇ ಹಾಕ್ಕಂಡು ಬರ್ಬೇಕು. ನಮ್ ಕಡೆಯೋರೆಲ್ಲ ನೋಡಕ್ಕೆ ಕಾಯ್ತಾವ್ರೆ."

ಕವರಿನಿಂದ ಹೊರಬಂದದ್ದು ಸಿಂಹ. ಹುಲಿಗಿಂತ ದೊಡ್ಡ ಬಾಯಿ. ಜಯಕುಮಾರ್ ಕುರ್ಚಿಯ ಮೇಲೆ ಕುಸಿದ. ಬೀಗರು ಉಡುಗೊರೆ ಕೊಟ್ಟ ಬಟ್ಟೆಯನ್ನು ಉಡದೆ ಇರುವುದುಂಟೇ? ಚಂದ್ರಕಲ ಟೀ ಶರ್ಟನ್ನು ಎತ್ತಿ ಅವನ ಎದೆಗೆ ಹಿಡಿದು, ಅಳತೆ ನೋಡಿ, ಅಚ್ಚುಕಟ್ಟಾಗಿ ಮಡಚಿಟ್ಟಳು.

"ವಯಸ್ಸಿಗೆ ತಕ್ಕಂಗೇ ತಂದವ್ರೆ ಕಣ್ರೀ," ಎಂದಳು. "ಇದ್ರ ಗಡ್ಡ ನೋಡಿ, ಪೂರ್ತಿ ಬೆಳ್ಳಗಾಗೈತೆ."